ಒಬ್ಬ ಲೇಖಕನನ್ನು ಎರಡು ಕಪಾಟಿಗೆ ಹಂಚಬೇಡಿ

ಕಾದಂಬರಿಗಳನ್ನು ಆರಿಸಿ ಅಚ್ಚು ಹಾಕಿಸುವ ಪ್ರಕಾಶಕರಿಗೆ, ಅವನ್ನು ಕಪಾಟಿನಲ್ಲಿ ಜೋಡಿಸುವ ಗ್ರಂಥಪಾಲಕರಿಗೆ, ಬಹುಮಾನಕ್ಕೆಂದು ಓದುವ ತೀರ್ಪುಗಾರರಿಗೆ,

ಮಾನ್ಯರೇ,

ವೈಜ್ಞಾನಿಕ ಕಾದಂಬರಿ, ಪತ್ತೇದಾರಿ ಕಾದಂಬರಿ ಎರಡನ್ನೂ ಬರೆಯುವವರಲ್ಲಿ ನಾನೂ ಒಬ್ಬ. ನನ್ನ ಮೊದಲ ಎರಡು ಪುಸ್ತಕಗಳು ವೈಜ್ಞಾನಿಕ ಕಾದಂಬರಿಗಳು. ಮೂರನೆಯದು ಒಂದು ಕೊಲೆಯ ಕಥೆ. ಅದರಲ್ಲಿ ಬೇರೆ ಗ್ರಹವೂ ಇಲ್ಲ, ರೋಬೋವೂ ಇಲ್ಲ. ಒಂದು ಮನೆ, ಆರು ಜನ, ಬೀಗ ಹಾಕಿದ ಒಂದು ಕೋಣೆ ಇಷ್ಟೇ. ಹಸ್ತಪ್ರತಿ ಓದಿದ ಪ್ರಕಾಶಕರೊಬ್ಬರು ಚೆನ್ನಾಗಿದೆ ಎಂದರು, ತೆಗೆದುಕೊಳ್ಳುತ್ತೇನೆ ಎಂದರು. ಬೆನ್ನಿಗೇ ಒಂದು ಷರತ್ತು ಹಾಕಿದರು: ಬೇರೆ ಹೆಸರಿನಲ್ಲಿ ಬರಲಿ, ಇಲ್ಲದಿದ್ದರೆ ನಿಮ್ಮ ಓದುಗರಿಗೆ ಗೊಂದಲವಾಗುತ್ತದೆ. ನಾನು ಒಪ್ಪಿಕೊಂಡೆ. ಆ ಪುಸ್ತಕ ಓದಿದವರಿಗೆ ಅದು ನನ್ನದೆಂದು ಇವತ್ತಿಗೂ ಗೊತ್ತಿಲ್ಲ. ನನ್ನ ಹಳೆಯ ಓದುಗರಿಗೆ ನಾನು ಬರವಣಿಗೆ ನಿಲ್ಲಿಸಿಬಿಟ್ಟೆನೆಂಬ ಭಾವನೆಯಿದೆ. ಎರಡು ವರ್ಷ ಕೂತು ಬರೆದದ್ದು ಯಾರೋ ಗೊತ್ತಿಲ್ಲದವರ ಲೆಕ್ಕಕ್ಕೆ ಜಮೆಯಾಯಿತು.

ಆ ಪ್ರಕಾಶಕರನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಅವರು ನನ್ನ ಒಳ್ಳೆಯದಕ್ಕೇ ಹೇಳಿದರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಾದ ಮೇಲೆ ನಾನು ಅಮೆರಿಕದ ಕಾದಂಬರಿಕಾರ ಜಾಕ್ ವ್ಯಾನ್ಸ್ ಅವರ ಬದುಕನ್ನೂ ಪುಸ್ತಕಗಳನ್ನೂ ಒಂದೊಂದಾಗಿ ಹುಡುಕಿ ಓದಿದೆ. ಈ ರೂಢಿ ಎಷ್ಟು ಹಳೆಯದು, ಅದಕ್ಕೆ ಯಾರು ಬೆಲೆ ತೆರುತ್ತಾರೆ ಎನ್ನುವುದು ಆಗ ಕಣ್ಣಿಗೆ ಕಟ್ಟಿತು. ಅದನ್ನು ನಿಮ್ಮ ಮುಂದಿಡಬೇಕೆನಿಸಿತು.

ವ್ಯಾನ್ಸ್ ಹುಟ್ಟಿದ್ದು 1916ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಪೂರ್ಣ ಹೆಸರು ಜಾನ್ ಹಾಲ್‌ಬ್ರೂಕ್ ವ್ಯಾನ್ಸ್. ಎಳವೆಯಿಂದಲೇ ಕಣ್ಣು ಮಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕು ಹಡಗಿನಲ್ಲಿ ಕೆಲಸ ಸಿಗಬೇಕಾದರೆ ಕಣ್ಣಿನ ಪರೀಕ್ಷೆ ದಾಟಬೇಕಿತ್ತು. ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿ ದಾಟಿದರು ಎಂಬುದು ಅವರ ಓದುಗರೆಲ್ಲ ಬಲ್ಲ ಸಂಗತಿ. ಮೊದಲ ಕಥೆ ಅಚ್ಚಾದದ್ದು 1945ರಲ್ಲಿ. ಬರವಣಿಗೆಯಿಂದ ಹೊಟ್ಟೆ ತುಂಬದ ದಿನಗಳಲ್ಲಿ ಬಡಗಿ ಕೆಲಸವನ್ನೂ ಮಾಡಿದರು. ಓಕ್ಲೆಂಡಿನ ಗುಡ್ಡದ ಮೇಲಿನ ತಮ್ಮ ಮನೆಯನ್ನು ವರ್ಷಗಟ್ಟಲೆ ಸ್ವತಃ ಕಟ್ಟಿ, ಕೆಡವಿ, ಮತ್ತೆ ಕಟ್ಟಿದರು. ಫ್ರಾಂಕ್ ಹರ್ಬರ್ಟ್, ಪೌಲ್ ಆಂಡರ್ಸನ್ ಎಂಬ ಇನ್ನಿಬ್ಬರು ಕಾದಂಬರಿಕಾರರ ಜೊತೆ ಸೇರಿ ಒಂದು ದೋಣಿಮನೆಯನ್ನೂ ಕಟ್ಟಿದ್ದುಂಟು. (ಆ ಮೂವರಲ್ಲಿ ಆಂಡರ್ಸನ್ ಕೂಡ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಒಂದು ದೋಣಿ, ಮೂವರು ಲೇಖಕರು, ಅದರಲ್ಲಿ ಇಬ್ಬರು ಎರಡೂ ಬಗೆ ಬರೆದವರು. ಇದು ಅಪರೂಪದ ವಿದ್ಯೆಯೇನೂ ಅಲ್ಲ.)

1961ನೇ ಇಸವಿಯನ್ನು ದಯವಿಟ್ಟು ಗಮನಿಸಿ. ಆ ವರ್ಷ ಅಮೆರಿಕದ ಪತ್ತೇದಾರಿ ಲೇಖಕರ ಸಂಘ ವ್ಯಾನ್ಸ್ ಅವರ ‘ದಿ ಮ್ಯಾನ್ ಇನ್ ದಿ ಕೇಜ್’ ಕಾದಂಬರಿಗೆ ಎಡ್ಗರ್ ಪ್ರಶಸ್ತಿ ಕೊಟ್ಟಿತು. ಮೊರಾಕ್ಕೊದಲ್ಲಿ ಕಾಣೆಯಾದ ಒಬ್ಬನನ್ನು ಹುಡುಕಿ ಹೊರಡುವ ಕಥೆ ಅದು. ಪ್ರಶಸ್ತಿಯ ವಿಭಾಗ ಯಾವುದು ಗೊತ್ತೇ? ‘ಅತ್ಯುತ್ತಮ ಮೊದಲ ಕಾದಂಬರಿ’. ವ್ಯಾನ್ಸ್ ಆ ಹೊತ್ತಿಗೆ ಬರೆಯಲು ಹಿಡಿದು ಹದಿನೈದು ವರ್ಷ ದಾಟಿತ್ತು. ‘ದಿ ಡೈಯಿಂಗ್ ಅರ್ಥ್’ 1950ರಲ್ಲೇ ಬಂದಿತ್ತು, ಅದರ ನಂತರ ಇನ್ನೂ ಹಲವು ಕಾದಂಬರಿಗಳು ಬಂದಿದ್ದವು. 1957ರಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ಎರಡು ಪತ್ತೇದಾರಿ ಕಾದಂಬರಿಗಳೂ ಬಂದಿದ್ದವು. ಆದರೆ ಗೆದ್ದ ಪುಸ್ತಕದ ಮೇಲಿದ್ದ ಹೆಸರು ಜಾಕ್ ವ್ಯಾನ್ಸ್ ಅಲ್ಲ, ಜಾನ್ ಹಾಲ್‌ಬ್ರೂಕ್ ವ್ಯಾನ್ಸ್. ನಲವತ್ತೈದರ ಹತ್ತಿರ ಬಂದ, ಕೈ ಪಳಗಿದ ಒಬ್ಬ ಕಾದಂಬರಿಕಾರ ಪಕ್ಕದ ಕೋಣೆಗೆ ಕಾಲಿಟ್ಟೊಡನೆ ಹೊಸಬನಾದ.

ಅದೇ 1961ರ ಆಗಸ್ಟ್‌ನಲ್ಲಿ ‘ಗ್ಯಾಲಕ್ಸಿ’ ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆಯಲ್ಲಿ ಜಾಕ್ ವ್ಯಾನ್ಸ್ ಹೆಸರಿನಲ್ಲಿ ‘ದಿ ಮೂನ್ ಮಾತ್’ ಎಂಬ ನೀಳ್ಗತೆ ಬಂತು. ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ನನ್ನ ವಾದವೆಲ್ಲ ಆ ಒಂದು ಕಥೆಯ ಒಳಗಿದೆ.

ಸೈರೀನ್ ಎಂಬ ಗ್ರಹ. ಅಲ್ಲಿ ಯಾರೂ ಮುಖ ತೋರಿಸುವುದಿಲ್ಲ. ಎಲ್ಲರಿಗೂ ಮುಖವಾಡ. ಯಾವ ಮುಖವಾಡ ಎನ್ನುವುದರಲ್ಲೇ ಆ ಮನುಷ್ಯನ ಮಾನ, ಸ್ಥಾನ, ಆ ಹೊತ್ತಿನ ಮನಸ್ಸು ಎಲ್ಲವೂ ಇದೆ. ಯೋಗ್ಯತೆ ಮೀರಿದ ಮುಖವಾಡ ಹಾಕಿದವನ ಜೀವಕ್ಕೇ ಅಪಾಯ. ಮಾತು ಕೂಡ ಬರಿಯ ಮಾತಲ್ಲ. ಚಿಕ್ಕ ಚಿಕ್ಕ ವಾದ್ಯಗಳನ್ನು ನುಡಿಸುತ್ತ ಹಾಡಿ ಹೇಳಬೇಕು. ಸೇವಕನಿಗೆ ಒಂದು ವಾದ್ಯ, ಸಮಾನರಿಗೆ ಇನ್ನೊಂದು, ಅಪರಿಚಿತರಿಗೆ ಮತ್ತೊಂದು. ಇಂಥ ಕಡೆಗೆ ಹೊರಗಿನ ಗ್ರಹಗಳ ಪ್ರತಿನಿಧಿಯಾಗಿ ಥಿಸೆಲ್ ಎಂಬವನು ಬಂದಿದ್ದಾನೆ. ವಾದ್ಯಗಳು ಅವನ ಕೈಗೆ ಇನ್ನೂ ಹತ್ತಿಲ್ಲ, ಹಾಕಿಕೊಂಡಿರುವುದು ಬಡಪಾಯಿಗಳ ಮುಖವಾಡ. ಆಗ ಒಬ್ಬ ಕೊಲೆಗಡುಕ ಆ ಗ್ರಹಕ್ಕೆ ಬಂದಿಳಿಯುತ್ತಾನೆ. ಅಲ್ಲಿ ನೆಲೆಸಿರುವ ಕೆಲವೇ ಹೊರಗಿನವರಲ್ಲಿ ಒಬ್ಬನನ್ನು ಕೊಂದು, ಅವನ ಜಾಗದಲ್ಲಿ ತಾನು ಕುಳಿತಿದ್ದಾನೆ. ಯಾರು ಅವನು? ಎಲ್ಲರ ಮುಖಕ್ಕೂ ಮರೆ ಇರುವಾಗ ಒಬ್ಬನನ್ನು ಗುರುತಿಸುವುದು ಹೇಗೆ?

ಸುಳಿವುಗಳು ಓದುಗನ ಕಣ್ಣೆದುರಿಗೇ ಬಿದ್ದಿವೆ. ಥಿಸೆಲ್ ಕಂಡದ್ದನ್ನೆಲ್ಲ ನಾವೂ ಕಾಣುತ್ತೇವೆ. ಉತ್ತರ ಆ ಗ್ರಹದ ರೀತಿನೀತಿಗಳಲ್ಲೇ ಅಡಗಿದೆ, ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಉತ್ತರವನ್ನು ನಾನು ಹೇಳುವುದಿಲ್ಲ, ಓದುವವರ ಸುಖ ಕಸಿಯಬಾರದು. ನಾನು ಕೇಳುವುದು ಇಷ್ಟೇ: ಈ ಕಥೆಯನ್ನು ಯಾವ ಕಪಾಟಿನಲ್ಲಿ ಇಡುತ್ತೀರಿ? ಗ್ರಹವನ್ನು ತೆಗೆದರೆ ರಹಸ್ಯವೇ ಉಳಿಯುವುದಿಲ್ಲ. ರಹಸ್ಯವನ್ನು ತೆಗೆದರೆ ಆ ಗ್ರಹದ ಕಟ್ಟುಪಾಡು ನಮಗೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಎಡ್ಗರ್ ಗೆದ್ದ ಕೈ, ಇದನ್ನು ಬರೆದ ಕೈ ಒಂದೇ. ಆದರೆ ಅವತ್ತಿನ ಪುಸ್ತಕದಂಗಡಿಯ ಓದುಗನಿಗೆ ಅವು ಇಬ್ಬರು ಬೇರೆ ಬೇರೆ ಲೇಖಕರ ಕೈಗಳು.

ಮುಂದಿನ ವರ್ಷಗಳಲ್ಲಿ ಆ ಹೆಸರು ಇನ್ನಷ್ಟು ಹೋಳಾಯಿತು. 1964ರಿಂದ 1966ರ ನಡುವೆ ವ್ಯಾನ್ಸ್ ಬರೆದ ಮೂರು ಪತ್ತೇದಾರಿ ಕಾದಂಬರಿಗಳು ‘ಎಲ್ಲರಿ ಕ್ವೀನ್’ ಹೆಸರಿನಲ್ಲಿ ಹೊರಬಂದವು. ಎಲ್ಲರಿ ಕ್ವೀನ್ ಎನ್ನುವುದು ಮೂಲದಲ್ಲೇ ಇಬ್ಬರು ಸೋದರಸಂಬಂಧಿಗಳು ಸೇರಿ ಇಟ್ಟುಕೊಂಡ ಕಾವ್ಯನಾಮ; ಆಮೇಲೆ ಅದು ಇತರರು ಬರೆದು ತುಂಬುವ ಖಾಲಿ ಚೀಲವಾಯಿತು. 1966, 1967ರಲ್ಲಿ ಜಾನ್ ಹಾಲ್‌ಬ್ರೂಕ್ ವ್ಯಾನ್ಸ್ ಹೆಸರಿನಲ್ಲಿ ಜೋ ಬೇಯ್ನ್ ಎಂಬ ಶೆರಿಫ್‌ನ (ಜಿಲ್ಲೆಯ ಪೊಲೀಸ್ ಮುಖ್ಯಸ್ಥನ) ಎರಡು ಕಾದಂಬರಿಗಳು ಬಂದವು. ಅವೆರಡೂ ನನಗೆ ಬಹಳ ಪ್ರಿಯ. ಕ್ಯಾಲಿಫೋರ್ನಿಯಾದ ನಕ್ಷೆಯಲ್ಲಿ ಇಲ್ಲದ ಸ್ಯಾನ್ ರೊಡ್ರಿಗೊ ಎಂಬ ಕೌಂಟಿಯನ್ನು, ಅಂದರೆ ಜಿಲ್ಲೆಯನ್ನು, ವ್ಯಾನ್ಸ್ ಅಲ್ಲಿ ಕಟ್ಟುತ್ತಾರೆ. ಯಾವ ಕಣಿವೆಯಲ್ಲಿ ಏನು ಬೆಳೆಯುತ್ತದೆ, ಯಾವ ಕುಟುಂಬಕ್ಕೆ ಯಾವುದರ ಮೇಲೆ ಹಳೆಯ ಸಿಟ್ಟು, ಚುನಾವಣೆಯಲ್ಲಿ ಯಾರು ಯಾರ ಕಡೆ, ಎಲ್ಲವೂ ಅಲ್ಲಿದೆ. ಗ್ರಹಗಳನ್ನು ಕಟ್ಟಿ ಕಟ್ಟಿ ಕೈಗೆ ಬಂದ ಹದ ಅದು. ಮೊದಲನೆಯ ಕಾದಂಬರಿಯಲ್ಲಿ ಜೈಲಿನಿಂದ ಬಿಡುಗಡೆಯಾದ ಒಬ್ಬ, ತನ್ನ ವಿರುದ್ಧ ಸಾಕ್ಷಿ ಹೇಳಿದವರಿಗೆಲ್ಲ ಪತ್ರ ಬರೆಯುತ್ತಾನೆ. ಆಮೇಲೆ ಆ ಸಾಕ್ಷಿಗಳು ಒಬ್ಬೊಬ್ಬರಾಗಿ, ಮೇಲ್ನೋಟಕ್ಕೆ ಅಪಘಾತಗಳಲ್ಲಿ, ಸಾಯತೊಡಗುತ್ತಾರೆ. ಮೂರನೆಯ ಜೋ ಬೇಯ್ನ್ ಕಾದಂಬರಿಯ ರೂಪುರೇಷೆಯನ್ನೂ ವ್ಯಾನ್ಸ್ ಬರೆದಿಟ್ಟಿದ್ದರು. ಅದು ರೂಪುರೇಷೆಯಾಗಿಯೇ ಉಳಿಯಿತು.

ಆ ರೂಪುರೇಷೆ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದೇ ವರ್ಷಗಳಲ್ಲಿ ಜಾಕ್ ವ್ಯಾನ್ಸ್ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯನ್ನು 1963ರಲ್ಲಿ ಒಮ್ಮೆ, 1967ರಲ್ಲಿ ಇನ್ನೊಮ್ಮೆ ಪಡೆದಿದ್ದರು. ಅವರ ಹೆಸರು ನೋಡಿ ಪುಸ್ತಕ ಕೊಳ್ಳುವ ಓದುಗರಿದ್ದರು. ಅವರಲ್ಲಿ ಎಷ್ಟು ಮಂದಿಗೆ ಶೆರಿಫ್ ಜೋ ಬೇಯ್ನ್ ಕಾದಂಬರಿಗಳೂ ಇವರವೇ ಎಂದು ತಿಳಿದಿರಬಹುದು? ತಿಳಿದಿದ್ದರೆ ಮೂರನೆಯದು ಬರುತ್ತಿತ್ತೆಂದು ಆಣೆ ಮಾಡಿ ಹೇಳಲಾರೆ. ಹೆಸರು ಒಡೆದ ಕಡೆ ಓದುಗರ ಗುಂಪೂ ಒಡೆಯುತ್ತದೆ ಎನ್ನುವುದನ್ನು ಮಾತ್ರ ನನ್ನ ಮೂರನೆಯ ಪುಸ್ತಕದ ಅನುಭವದಿಂದ ಹೇಳಬಲ್ಲೆ.

ನಿಮ್ಮ ಕಡೆಯ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಅಂಗಡಿಯವರು ಹಿಂದಿನ ಪುಸ್ತಕ ಎಷ್ಟು ಮಾರಿತೆಂದು ನೋಡಿ ಮುಂದಿನದಕ್ಕೆ ಪ್ರತಿ ತರಿಸುತ್ತಾರೆ. ಒಂದು ಪುಸ್ತಕ ನಿಂತುಹೋದರೆ ಅದೇ ಹೆಸರಿನ ಮುಂದಿನ ಪುಸ್ತಕಕ್ಕೂ ಪೆಟ್ಟು. ಅಂತರಿಕ್ಷ ನೌಕೆಗಾಗಿ ಕಾದಿದ್ದ ಓದುಗ ಬೀಗ ಹಾಕಿದ ಕೋಣೆಯನ್ನು ಕಂಡು ಮೋಸಹೋದೆ ಎಂದುಕೊಂಡಾನು ಎಂಬ ಅಳುಕೂ ಸಹಜ. ಆದರೆ ಅದಕ್ಕೆ ಮುಖಪುಟವಿದೆ, ಬೆನ್ನುಡಿಯಿದೆ. ಇದು ಕೊಲೆಯ ಕಥೆ ಎಂದು ಸ್ಪಷ್ಟವಾಗಿ ಬರೆದರೆ ಓದುಗನಿಗೆ ತಿಳಿಯುತ್ತದೆ. ಲೇಖಕನ ಹೆಸರಿಗೆ ಆ ಕೆಲಸ ಹೊರಿಸಬೇಕಾಗಿಲ್ಲ. ಲೇಖಕನೇ ಬಯಸಿ ಬೇರೆ ಹೆಸರು ಇಟ್ಟುಕೊಳ್ಳುವುದು ಬೇರೆ ವಿಚಾರ, ಅದು ಅವನ ಹಕ್ಕು. ನಾನು ಹೇಳುತ್ತಿರುವುದು ಷರತ್ತಾಗಿ ಹಾಕುವುದರ ಬಗ್ಗೆ.

ಇನ್ನೊಂದು ಆಕ್ಷೇಪವಿದೆ, ಇದು ಹೆಚ್ಚು ಆಳದ್ದು: ಇವೆರಡೂ ಬೆರೆಯುವಂಥವಲ್ಲ ಎನ್ನುವುದು. ಈ ಮಾತನ್ನು ಹೇಳಿದವರು ಸಾಮಾನ್ಯರಲ್ಲ. ‘ಅಸ್ಟೌಂಡಿಂಗ್’ ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆಯ ಸಂಪಾದಕ ಜಾನ್ ಡಬ್ಲ್ಯು. ಕ್ಯಾಂಬೆಲ್ ಅವರಿಗೆ ಅದೇ ಅಭಿಪ್ರಾಯವಿತ್ತೆಂದು ವೈಜ್ಞಾನಿಕ ಕಾದಂಬರಿಕಾರ ಐಸಾಕ್ ಅಸಿಮೋವ್ ಬರೆದಿದ್ದಾರೆ. ಕ್ಯಾಂಬೆಲ್ ಅವರ ತರ್ಕ ಹೀಗೆ: ಪತ್ತೇದಾರಿ ಕಥೆಯಲ್ಲಿ ಲೇಖಕ ಓದುಗನಿಗೆ ಮೋಸ ಮಾಡಬಾರದು, ಮುಂದಿನ ಕಾಲದ ಕಥೆಯಲ್ಲಾದರೋ ಪತ್ತೇದಾರ ಕೊನೆಯ ಪುಟದಲ್ಲಿ ಯಾರೂ ಕೇಳರಿಯದ ಒಂದು ಯಂತ್ರವನ್ನು ಜೇಬಿನಿಂದ ತೆಗೆದು ಕೊಲೆಗಾರನನ್ನು ಹಿಡಿದುಬಿಡಬಹುದು. ಒಳ್ಳೆಯ ತರ್ಕವೇ. ಅಸಿಮೋವ್ ಅದಕ್ಕೆ ವಾದದಲ್ಲಿ ಉತ್ತರ ಕೊಡುತ್ತ ಕೂರದೆ ಕಾದಂಬರಿ ಬರೆದರು. ‘ದಿ ಕೇವ್ಸ್ ಆಫ್ ಸ್ಟೀಲ್’ 1953ರಲ್ಲಿ ‘ಗ್ಯಾಲಕ್ಸಿ’ಯಲ್ಲಿ ಧಾರಾವಾಹಿಯಾಗಿ ಬಂದು, 1954ರಲ್ಲಿ ಪುಸ್ತಕವಾಯಿತು. ಅಲ್ಲಿನ ಭೂಮಿಯ ಜನ ಮುಚ್ಚಿದ ಮಹಾನಗರಗಳ ಒಳಗೇ ಹುಟ್ಟಿ ಬೆಳೆದವರು, ಬಯಲಿಗೆ ಕಾಲಿಡಲು ಜೀವ ನಡುಗುತ್ತದೆ. ರೋಬೋಗಳಿಗೆ ಬಯಲಿನ ಭಯವಿಲ್ಲ, ಆದರೆ ಮನುಷ್ಯನಿಗೆ ಕೇಡು ಮಾಡಬಾರದೆಂಬ ನಿಯಮ ಅವುಗಳ ಮಿದುಳಿನಲ್ಲೇ ಬೇರೂರಿದೆ. ಕೊಲೆಯಾಗಿದೆ. ಬಯಲು ದಾಟಿ ಬರಬಲ್ಲದ್ದು ಕೊಲ್ಲಲಾರದು, ಕೊಲ್ಲಬಲ್ಲವನು ಬಯಲು ದಾಟಲಾರ. ಬೀಗ ಹಾಕಿದ ಕೋಣೆಗಿಂತ ಇದು ಗಟ್ಟಿ ಬೀಗ. ಈ ನಿಯಮಗಳನ್ನೆಲ್ಲ ಲೇಖಕ ನಮಗೆ ಮೊದಲೇ ತಿಳಿಸಿದ್ದಾನೆ.

1957ರ ‘ದಿ ನೇಕೆಡ್ ಸನ್’ನಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಆ ಕಥೆ ನಡೆಯುವ ಗ್ರಹದವರು ಒಬ್ಬರನ್ನೊಬ್ಬರು ಎದುರುಬದುರು ಕಾಣುವುದೇ ಇಲ್ಲ. ಮಾತುಕತೆಯೆಲ್ಲ ದೂರದಿಂದ, ಬಿಂಬಗಳ ಮೂಲಕ. ಇನ್ನೊಬ್ಬರ ಹತ್ತಿರ ನಿಲ್ಲುವುದೆಂದರೆ ಹೇಸಿಗೆ. ಅಲ್ಲಿ ಒಬ್ಬ ತಲೆಗೆ ಪೆಟ್ಟು ಬಿದ್ದು ಸತ್ತಿದ್ದಾನೆ. ಹತ್ತಿರ ಹೋದವರು ಯಾರು? ಮುಂದೆ ಅಸಿಮೋವ್ 1958ರಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ನಡೆಯುವ ಕೊಲೆಯೊಂದರ ಮೇಲೆ ಅಪ್ಪಟ ಪತ್ತೇದಾರಿ ಕಾದಂಬರಿ ಬರೆದರು. 1972ರಿಂದ ‘ಬ್ಲ್ಯಾಕ್ ವಿಡೋವರ್ಸ್’ ಎಂಬ ಊಟದ ಕೂಟದ ಒಗಟಿನ ಕಥೆಗಳನ್ನು ಬರೆಯುತ್ತ ಹೋದರು. ಪ್ರತಿ ಕಥೆಯಲ್ಲೂ ಒಗಟನ್ನು ಬಿಡಿಸುವುದು ಹೆನ್ರಿ ಎಂಬ ಬಡಿಸುವವನೇ. ಅವನ್ನೆಲ್ಲ ಅಸಿಮೋವ್ ತಮ್ಮ ಹೆಸರಿನಲ್ಲೇ ಬರೆದರು. ಅವರ ವೈಜ್ಞಾನಿಕ ಕಾದಂಬರಿಗಳಾದ ಫೌಂಡೇಷನ್ ಮಾಲೆಯ ಓದುಗರು ಗೊಂದಲಗೊಂಡು ಓಡಿಹೋಗಲಿಲ್ಲ; 1982ರ ‘ಫೌಂಡೇಷನ್ಸ್ ಎಡ್ಜ್’ ಬಂದಾಗ ಮುಗಿಬಿದ್ದು ಕೊಂಡರು.

ನಮಗೆ ಹತ್ತಿರದ ನಿದರ್ಶನವೂ ಇದೆ. ಸತ್ಯಜಿತ್ ರೇ 1961ರಲ್ಲಿ ‘ಸಂದೇಶ್’ ಮಕ್ಕಳ ಪತ್ರಿಕೆಯನ್ನು ಮತ್ತೆ ಆರಂಭಿಸಿ, ಅದೇ ವರ್ಷ ಅದರಲ್ಲಿ ವಿಜ್ಞಾನಿ ಪ್ರೊಫೆಸರ್ ಶೊಂಕು ಕಥೆಗಳನ್ನು ಶುರು ಮಾಡಿದರು. ನಾಲ್ಕು ವರ್ಷದ ನಂತರ ಅದೇ ಪತ್ರಿಕೆಯಲ್ಲಿ ಪತ್ತೇದಾರ ಫೆಲೂದಾ ಬಂದ. ಎರಡರ ಮೇಲೂ ಒಂದೇ ಹೆಸರು. ಓದುತ್ತಿದ್ದವರು ಮಕ್ಕಳು. ಅವರಿಗೆ ಆಗದ ಗೊಂದಲ ದೊಡ್ಡವರಿಗೆ ಆಗುತ್ತದೆಂದು ನಾವೇಕೆ ಭಾವಿಸಬೇಕು? ಇನ್ನೂ ಹಿಂದಕ್ಕೆ ಹೋದರೆ ಎಡ್ಗರ್ ಅಲನ್ ಪೋ ಇದ್ದಾರೆ. ಬಲೂನು ಹತ್ತಿ ಚಂದ್ರನಿಗೆ ಹೋಗುವವನ ಕಥೆಯನ್ನು 1835ರಲ್ಲಿ ಬರೆದರು. 1841ರಲ್ಲಿ ‘ದಿ ಮರ್ಡರ್ಸ್ ಇನ್ ದಿ ರೂ ಮೋರ್ಗ್’ ಬರೆದು ಪತ್ತೇದಾರಿ ಕಥೆಗೆ ದಾರಿ ಹಾಕಿದರು. ಪತ್ತೇದಾರಿ ಲೇಖಕರ ಪ್ರಶಸ್ತಿಗೆ ಅವರದೇ ಹೆಸರು. ಒಂದೇ ಮೇಜಿನ ಮೇಲೆ ಹುಟ್ಟಿದ ಅಕ್ಕತಂಗಿಯರನ್ನು ನಾವು ಆಮೇಲೆ ಬೇರೆ ಬೇರೆ ಮನೆಗೆ ಕಳಿಸಿದ್ದೇವೆ.

ಮತ್ತೆ ವ್ಯಾನ್ಸ್ ಅವರ ಕಡೆಗೆ ಬರುತ್ತೇನೆ. 1964ರ ‘ಸ್ಟಾರ್ ಕಿಂಗ್’ ಕಾದಂಬರಿಯಲ್ಲಿ ತನ್ನವರನ್ನೆಲ್ಲ ಕಳೆದುಕೊಂಡ ಕರ್ತ್ ಗೆರ್ಸನ್ ಸೇಡಿಗಾಗಿ ಹೊರಟಿದ್ದಾನೆ. ಅವನು ಹುಡುಕುತ್ತಿರುವ ಪಾತಕಿ ವಿಶ್ವವಿದ್ಯಾಲಯವೊಂದರ ಮೂವರು ಗೌರವಸ್ಥರಲ್ಲಿ ಒಬ್ಬ. ಯಾರು? ಇದು ಐದು ಕಾದಂಬರಿಗಳ ಮಾಲೆಯ ಮೊದಲನೆಯದು. ಮಾಲೆ ಮುಗಿದದ್ದು 1981ರಲ್ಲಿ. ನಕ್ಷತ್ರಗಳ ನಡುವಿನ ಕಥೆ ಎಂದು ಕೈಗೆತ್ತಿಕೊಂಡವರು ಓದಿದ್ದು ಶುದ್ಧ ಪತ್ತೇದಾರಿ ಕಸುಬನ್ನು. ಎಲ್ಲರಿ ಕ್ವೀನ್ ಹೆಸರಿಗಾಗಿ ಬರೆದುಕೊಡುತ್ತಿದ್ದ ವರ್ಷಗಳಲ್ಲೇ ವ್ಯಾನ್ಸ್ ಇದನ್ನೂ ಬರೆಯುತ್ತಿದ್ದರು. ಒಂದು ಮೇಜಿನ ಕೆಲಸ ಇನ್ನೊಂದನ್ನು ಹೇಗೆ ಸಾಣೆ ಹಿಡಿಯುತ್ತದೆ ಎನ್ನುವುದನ್ನು ವಿಮರ್ಶಕರು ನೋಡಬೇಕಾದರೆ ಎರಡೂ ಪುಸ್ತಕಗಳ ಮೇಲೆ ಒಂದೇ ಹೆಸರಿರಬೇಕಲ್ಲವೇ?

1980ರ ದಶಕದ ಹೊತ್ತಿಗೆ ವ್ಯಾನ್ಸ್ ಅವರ ಕಣ್ಣು ಪೂರ್ತಿ ಕೈಕೊಟ್ಟಿತು. ಮೊದಲೆಲ್ಲ ಅವರು ಕೈಯಲ್ಲಿ ಬರೆದದ್ದನ್ನು ಪತ್ನಿ ನಾರ್ಮಾ ಬೆರಳಚ್ಚು ಮಾಡುತ್ತಿದ್ದರು. ಆಮೇಲೆ ತಮಗಾಗಿ ಹೊಂದಿಸಿದ ಕಂಪ್ಯೂಟರಿನಲ್ಲಿ ಬರೆದರು. ಕೊನೆಯ ಕಾದಂಬರಿ ‘ಲುರುಲು’ 2004ರಲ್ಲಿ ಬಂತು. 2009ರಲ್ಲಿ ಬಂದ ಆತ್ಮಕಥನಕ್ಕೆ ಮರುವರ್ಷ ಹ್ಯೂಗೊ ಸಿಕ್ಕಿತು, ಆಗ ಅವರಿಗೆ ತೊಂಬತ್ತು ದಾಟಿತ್ತು. 2013ರ ಮೇ ತಿಂಗಳಲ್ಲಿ ತೀರಿಕೊಂಡರು.

ಚದುರಿದ ಈ ಬದುಕಿನ ಬರಹವನ್ನು ಒಟ್ಟುಗೂಡಿಸಿದವರು ಓದುಗರು. 1999ರಲ್ಲಿ ಶುರುವಾಗಿ 2006ರವರೆಗೆ, ಬೇರೆ ಬೇರೆ ದೇಶಗಳ 300ಕ್ಕೂ ಹೆಚ್ಚು ಸ್ವಯಂಸೇವಕರು ಇಂಟರ್ನೆಟ್ ಮೂಲಕ ಸೇರಿಕೊಂಡು ವ್ಯಾನ್ಸ್ ಅವರ ಸಮಗ್ರ ಕೃತಿಗಳನ್ನು 44 ಸಂಪುಟಗಳಲ್ಲಿ ತಂದರು. ಸಂಪಾದಕರು ತಿದ್ದಿದ ಕಡೆ ಹಸ್ತಪ್ರತಿಗೆ ಹೋಲಿಸಿ ಲೇಖಕರ ಮೂಲ ವಾಕ್ಯವನ್ನು ಮರಳಿ ತಂದರು. ಅವರಿಗೆ ಬೇಕಾಗಿದ್ದ ಶೀರ್ಷಿಕೆಗಳನ್ನು ಮರಳಿ ಕೊಟ್ಟರು. ‘ದಿ ಡೈಯಿಂಗ್ ಅರ್ಥ್’ ಅಲ್ಲಿ ‘ಮಜೀರಿಯನ್ ದ ಮೆಜಿಶಿಯನ್’ ಆಗಿದೆ. ಎಲ್ಲರಿ ಕ್ವೀನ್ ಹೆಸರಿನಲ್ಲಿ ಹೋಗಿದ್ದ ಮೂರು ಕಾದಂಬರಿಗಳೂ, ಜೋ ಬೇಯ್ನ್ ಕಾದಂಬರಿಗಳೂ ಗ್ರಹಗಳ ಕಥೆಗಳ ಪಕ್ಕದಲ್ಲೇ ಒಂದೇ ಬೆನ್ನು, ಒಂದೇ ಹೆಸರು ಹೊತ್ತು ನಿಂತವು. ಹಣ ಪಡೆಯದೆ, ಅಲ್ಪವಿರಾಮವೊಂದಕ್ಕಾಗಿ ದಿನಗಟ್ಟಲೆ ಚರ್ಚಿಸಬಲ್ಲ ಓದುಗರು ಮಾಡಿದ ಕೆಲಸ ಇದು. ಓದುಗರಿಗೆ ಗೊಂದಲವಾಗುತ್ತದೆ ಎನ್ನುವವರು ಈ 44 ಸಂಪುಟಗಳನ್ನು ಒಮ್ಮೆ ನೆನೆಯಬೇಕು.

ಹೀಗಾಗಿ ನನ್ನ ಕೋರಿಕೆ. ಪ್ರಕಾಶಕರೇ, ‘ಇದೇ ಲೇಖಕರ ಇತರ ಕೃತಿಗಳು’ ಎಂಬ ಪುಟದಲ್ಲಿ ಎಲ್ಲವನ್ನೂ ಹಾಕಿ. ಇನ್ನೊಂದು ಪ್ರಕಾಶನದವರು ಅಚ್ಚು ಹಾಕಿಸಿದ್ದನ್ನೂ ಹಾಕಿ. ಒಂದು ಬಗೆಯ ಪುಸ್ತಕಕ್ಕೆ ಮರುಮುದ್ರಣ ಕೊಡುವಾಗ ಇನ್ನೊಂದನ್ನು ಮರೆಯಬೇಡಿ. ಗ್ರಂಥಪಾಲಕರೇ, ಬೇರೆ ಬೇರೆ ಕಪಾಟಿನಲ್ಲಿ ಇಡಲೇಬೇಕಾದರೆ ಇಡಿ, ಆದರೆ ಲೇಖಕನ ಹೆಸರಿನಲ್ಲಿ ಹುಡುಕಿದವರಿಗೆ ಕಾವ್ಯನಾಮದ ಪುಸ್ತಕಗಳೂ ಸಿಗುವಂತೆ ಸೂಚಿಯಲ್ಲಿ ಜೋಡಿಸಿ. ತೀರ್ಪುಗಾರರೇ, ಕೊಲೆಯಿದೆ ಎಂದು ವೈಜ್ಞಾನಿಕ ಕಾದಂಬರಿಯನ್ನು, ಗ್ರಹವಿದೆ ಎಂದು ಪತ್ತೇದಾರಿ ಕಾದಂಬರಿಯನ್ನು ಮೊದಲ ಸುತ್ತಿನಲ್ಲೇ ಬದಿಗಿಡಬೇಡಿ. ಸುಳಿವುಗಳನ್ನು ನ್ಯಾಯವಾಗಿ ಇಟ್ಟಿದ್ದಾನೆಯೇ, ಕಟ್ಟಿದ ಲೋಕ ತನ್ನ ನಿಯಮವನ್ನು ತಾನೇ ಮುರಿದಿದೆಯೇ ನೋಡಿ. ಆ ಎರಡು ಪ್ರಶ್ನೆ ಎರಡೂ ಬಗೆಗೆ ಸಲ್ಲುತ್ತವೆ.

ನನ್ನ ಮೂರನೆಯ ಪುಸ್ತಕದ ಪ್ರತಿಗಳು ಮುಗಿದಿವೆಯಂತೆ, ಮರುಮುದ್ರಣದ ಮಾತು ನಡೆಯುತ್ತಿದೆ. ಆ ಪ್ರಕಾಶಕರಿಗೆ ನಾನು ಬೇರೆಯಾಗಿಯೂ ಬರೆದಿದ್ದೇನೆ: ಈ ಸಲ ಹೆಚ್ಚಿನ ಸಂಭಾವನೆ ಬೇಡ, ಹೊಸ ಮುಖಪುಟವೂ ಬೇಡ, ನನ್ನ ಹೆಸರು ಹಾಕಿ.

ವಂದನೆಗಳೊಂದಿಗೆ,
ಎರಡೂ ಬಗೆ ಬರೆಯುವ ಒಬ್ಬ ಕಾದಂಬರಿಕಾರ